ಮೊಣಕಾಲು ದಾಟದ ಮರ

ಮರದ ಕಥೆ ಹೇಳುವವರಿಗೆ ಮರದ ವಿಷಯ ತಿಳಿದಿರಬೇಕು. ದರ್ಜಿಯ ಕಥೆ ಹೇಳುವವರಿಗೆ ಸೂಜಿಗೆ ದಾರ ಪೋಣಿಸಲಾದರೂ ಬರಬೇಕು. ಎರಡೂ ಬಾರದೆ ಬಾಯಿ ತೆರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಬಲ್ಲವರು ಯಾರಾದರೂ ಹೇಳಿಯಾರು ಎಂದು ಕಾದದ್ದಾಯಿತು. ಅವರೆಲ್ಲ ಇದಕ್ಕಿಂತ ದೊಡ್ಡ ವಿಷಯಗಳಲ್ಲಿ ಮುಳುಗಿದ್ದಾರೆ. ಆದ್ದರಿಂದ ಕಂಡಷ್ಟನ್ನು, ಕೇಳಿದಷ್ಟನ್ನು, ಹೆಚ್ಚು ಎಳೆಯದೆ ಹೇಳುವ ಪ್ರಯತ್ನವಿದು. ಎಲ್ಲಾದರೂ ಎಳೆದಂತೆ ಕಂಡರೆ ಅದು ಮರದ ತಪ್ಪು. ಅದು ಬೆಳೆದದ್ದೇ ಹಾಗೆ.

ಮೂರು ಮಹಡಿಯ ಒಂದು ಹಳೆಯ ಕಟ್ಟಡ. ಅದರ ನೆಲಮಹಡಿಯಲ್ಲಿ ದರ್ಜಿಯ ಮನೆ. ಮುಂದಿನ ಕೋಣೆ ಅಂಗಡಿ, ಹಿಂದಿನ ಎರಡು ಕೋಣೆ ಸಂಸಾರ. ಅದರ ಹಿಂದೆ ಕಟ್ಟಡದ ಎಲ್ಲರಿಗೂ ಸೇರಿದ ಅಂಗಳ. ಅಂಗಳದಲ್ಲಿ ಬಟ್ಟೆ ಒಣಹಾಕುವ ಹಗ್ಗಗಳು, ನಾಲ್ಕಾರು ಸ್ಕೂಟರು, ಮನೆಮನೆಗೆ ಕೊಳಾಯಿ ಬಂದ ಮೇಲೆ ಕೆಲಸವಿಲ್ಲದೆ ಕೂತ ಒಂದು ಸಿಮೆಂಟಿನ ನೀರಿನ ತೊಟ್ಟಿ.

ಹೊಸ ಬಟ್ಟೆ ಹೊಲಿಸಲು ದರ್ಜಿಯ ಬಳಿ ಬರುವವರು ಕಡಿಮೆ. ಅವನ ಹೆಸರು ನಿಂತಿದ್ದುದು ಹಳೆಯ ಬಟ್ಟೆಯ ಮೇಲೆ. ಉಬ್ಬಿದವರಿಗೆ ಸಡಿಲ ಮಾಡುವುದು, ಬತ್ತಿದವರಿಗೆ ಬಿಗಿ ಮಾಡುವುದು. ತಾನೇ ಹೊಲಿದ ಬಟ್ಟೆಯಾದರೆ ಅದರೊಳಗೆ ನಾಲ್ಕು ಬೆರಳಿನಷ್ಟು ಬಟ್ಟೆ ಮಡಿಸಿ ಬಿಟ್ಟಿರುತ್ತಿದ್ದ. "ಮನುಷ್ಯ ಇವತ್ತಿದ್ದ ಹಾಗೆ ನಾಳೆ ಇರಲ್ಲ. ನಾಳೆ ಬಂದು ನನ್ನನ್ನೇ ಬೈತಾನೆ," ಎನ್ನುವುದು ಅವನ ಸಿದ್ಧಾಂತ. ಇದೊಂದು ವಿಷಯ ಬಿಟ್ಟರೆ ಅವನಿಗೆ ಸಿದ್ಧಾಂತಗಳಿರಲಿಲ್ಲ. ಹೆಂಡತಿಯ ಅಣ್ಣನ ಮೇಲೆ ಹೊಟ್ಟೆಕಿಚ್ಚು ಮಾತ್ರ ಇತ್ತು.

ಈ ಭಾವ ವಿಮಾ ಕಚೇರಿಯಲ್ಲಿ ಮ್ಯಾನೇಜರು. ಮನೆಯ ಬಾಲ್ಕನಿಯಲ್ಲಿ ತಟ್ಟೆಗಳಲ್ಲಿ ಕುಳ್ಳ ಮರಗಳನ್ನು ಸಾಕಿದ್ದ. ಕಾಡಿನಲ್ಲಿ ಆಕಾಶಕ್ಕೆ ಏರಬೇಕಾದ ಮರಗಳು ಅವನ ಮನೆಯಲ್ಲಿ ಗೇಣುದ್ದ ನಿಂತಿದ್ದವು. ಕೊಂಬೆಗೆ ತಂತಿ ಸುತ್ತಿ, ಬೇರು ಕತ್ತರಿಸಿ, ಚಿಗುರು ಚಿವುಟಿ ಅವನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದ. "ನನ್ನ ಮಗನಿಗಿಂತ ಈ ಮರಕ್ಕೆ ವಯಸ್ಸು ಜಾಸ್ತಿ. ಶಿಸ್ತೂ ಜಾಸ್ತಿ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಒಂದು ದಿನ ದರ್ಜಿ ಮೆಚ್ಚುಗೆಯಿಂದಲೇ ಒಂದು ಎಲೆ ಮುಟ್ಟಿದ. ಎಲೆ ಕೈಗೇ ಬಂತು.

"ಮುಟ್ಟಬೇಡಿ ಭಾವ," ಎಂದ ಮ್ಯಾನೇಜರು. "ಅದು ಪ್ಯಾಂಟಲ್ಲ."

ಸೋಫಾದಲ್ಲಿ ಕೂತಿದ್ದ ಬಂಧುಗಳೆಲ್ಲ ನಕ್ಕರು. ದರ್ಜಿಯೂ ನಕ್ಕ. ಮನೆಗೆ ಬರುವ ದಾರಿಯಲ್ಲಿ ತಳ್ಳುಗಾಡಿಯವನ ಮುಂದೆ ನಿಂತ.

"ಈ ಸಸಿ ಎಷ್ಟು ದೊಡ್ಡದಾಗುತ್ತೆ?"

"ನಿಮಗೆ ಎಷ್ಟು ಬೇಕು?"

"ದೊಡ್ಡದಾಗಬಾರದು."

"ಹಾಗಾದ್ರೆ ಆಗಲ್ಲ ಬಿಡಿ, ಸಾರ್."

ಇಷ್ಟು ಖಚಿತವಾದ ಉತ್ತರ ಸಿಕ್ಕ ಮೇಲೆ ಇನ್ನು ಕೇಳುವುದೇನಿದೆ? ದರ್ಜಿ ಸಸಿ ತಂದ. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕ, ಮಣ್ಣಿನ ಕುಂಡದಲ್ಲಿ, ಭಾವನ ಕಣ್ಣಿಗೆ ಬೀಳುವ ಹಾಗೆ ಇಟ್ಟ.

ಭಾವ ಮುಂದಿನ ವಾರವೇ ಬಂದ. ಬಗ್ಗಿ ಎಲೆ ನೋಡಿದ, ಕನ್ನಡಕ ತೆಗೆದು ಮತ್ತೆ ನೋಡಿದ.

"ಭಾವ, ಇದು ದಟ್ಟ ಕಾಡಿನ ಮರದ ಸಸಿ. ವರ್ಷವಿಡೀ ಹಸಿರಾಗಿರೋ ಜಾತಿ. ಈ ಕಟ್ಟಡದ ತಲೆ ಮೇಲೆ ಹೋಗುತ್ತೆ."

"ಇದು ಆ ಜಾತೀಲೇ ಕುಳ್ಳ ತಳಿ," ಎಂದ ದರ್ಜಿ. ಅಂಥ ತಳಿ ಇದೆಯೆಂದು ಅವನಿಗೂ ಆಗಲೇ ತಿಳಿದದ್ದು. "ನಿಮ್ಮ ಹಾಗೆ ತಂತಿ ಸುತ್ತಬೇಕಿಲ್ಲ, ಬೇರು ಕತ್ತರಿಸಬೇಕಿಲ್ಲ. ಹುಟ್ಟಾ ಮರ್ಯಾದಸ್ಥ. ಮೊಣಕಾಲು ದಾಟಲ್ಲ."

"ದಾಟಿದ್ರೆ?"

"ದಾಟಿ ಮರ ಆಯ್ತು ಅಂದ್ರೆ ಈ ಕತ್ತರೀಲೇ ಬುಡಸಮೇತ ಕತ್ತರಿಸಿ ನಿಮ್ಮ ಮುಂದೆ ಇಡ್ತೀನಿ!"

"ಆ ಕತ್ತರಿಗೆ ದಾರ ಕತ್ತರಿಸೋಕೇ ಬರಲ್ಲ," ಎಂದಳು ಒಳಗಿನಿಂದ ಹೆಂಡತಿ. "ಮೊದಲು ಸಾಣೆ ಹಿಡಿಸಿ, ಆಮೇಲೆ ಶಪಥ ಮಾಡಿ."

ಆದರೆ ಆಡಿದ ಮಾತು ಆಡಿಯಾಗಿತ್ತು. ಭಾವ ಅದನ್ನು ವಿಮಾ ಪಾಲಿಸಿಯ ಹಾಗೆ ಜೋಪಾನ ಮಾಡಿಟ್ಟುಕೊಂಡ.

ಸಸಿಯನ್ನು ಬೆಳೆಯಗೊಡಬಾರದೆಂದಿದ್ದರೆ ದರ್ಜಿ ಒಂದೇ ಕೆಲಸ ಮಾಡಬೇಕಿತ್ತು: ಅದನ್ನು ಅದರ ಪಾಡಿಗೆ ಬಿಟ್ಟುಬಿಡಬೇಕಿತ್ತು. ಅದು ಅವನಿಂದ ಆಗಲಿಲ್ಲ. ಕಾಡಿನ ಮರಕ್ಕೆ ಎಳವೆಯಲ್ಲಿ ನೆರಳು ಬೇಕೆಂದು ಯಾರೋ ಗಿರಾಕಿ ಹೇಳಿದರು. ಅಂದೇ ಲೈನಿಂಗ್ ಬಟ್ಟೆಯಲ್ಲಿ ಅದಕ್ಕೊಂದು ಚಪ್ಪರ ಹೊಲಿದ. ಒಣಗಿದ ಎಲೆ ಬುಡಕ್ಕೆ ಹೊದಿಸಿದರೆ ಮಣ್ಣು ತಂಪಾಗಿರುತ್ತದೆಂದರು. ಬೀದಿಯ ಉದ್ದಕ್ಕೂ ಎಲೆ ಆರಿಸಿ ತಂದ. ಬೀದಿ ಗುಡಿಸುವವರು ಬರುವ ಮೊದಲೇ ಎದ್ದು ಆರಿಸುವುದನ್ನು ಕಂಡು, ಟೈಲರಿಗೆ ವ್ಯಾಪಾರ ಪೂರ್ತಿ ನಿಂತುಹೋಗಿದೆ ಎಂದು ಬೀದಿಯವರು ಮರುಗಿದರು. ಬಿಸಿಲಿಗೆ ಕಾಂಡದ ತೊಗಟೆ ಸೀಳಬಹುದೆಂದು ಇನ್ನೊಬ್ಬರು ಹೆದರಿಸಿದರು. ಕಾಂಡಕ್ಕೊಂದು ಅಂಗಿಯೇ ಬಂತು, ಗುಂಡಿ ಸಮೇತ.

ಸಸಿ ಮೊಣಕಾಲಿಗೆ ಬಂತು. ಆ ಸಮಯಕ್ಕೆ ಸರಿಯಾಗಿ ಭಾವನೂ ಬಂದ.

"ಭಾವ, ದಾಟಿದ ಹಾಗಿದೆಯಲ್ಲ?"

"ಯಾರ ಮೊಣಕಾಲು?"

"ನನ್ನದು."

"ನಿಮ್ಮದು ಗಿಡ್ಡ ಮೊಣಕಾಲು, ಭಾವ. ನಿಮ್ಮ ಪ್ಯಾಂಟು ಹೊಲಿಯೋನು ನಾನು. ನನಗೆ ಗೊತ್ತಿಲ್ವಾ?"

ಭಾವ ಒಂದು ಕ್ಷಣ ತನ್ನ ಕಾಲನ್ನೇ ನೋಡಿಕೊಂಡ. ಆಮೇಲೆ ಕಾಂಡದ ಅಂಗಿಯನ್ನು ತಿರುಗಿಸಿ ನೋಡಿದ. ಒಳಗೆ ಬಟ್ಟೆ ಮಡಿಕೆ ಮಡಿಕೆಯಾಗಿತ್ತು.

"ಬೆಳೆಯದ ಗಿಡಕ್ಕೆ ಇಷ್ಟೊಂದು ಬಟ್ಟೆ ಯಾಕೆ ಬಿಟ್ಟಿದ್ದೀರಿ?"

ದರ್ಜಿ ಅಂಗಿಯ ಅಂಚನ್ನು ಒಳಕ್ಕೆ ಮಡಿಸಿದ. "ಕೈ ಅಭ್ಯಾಸ," ಎಂದ.

ಸೊಂಟ ದಾಟಿದಾಗ, ಅದು ಬೆಳೆದದ್ದಲ್ಲ, ಬೆಳಕಿಗಾಗಿ ಸ್ವಲ್ಪ ಕುತ್ತಿಗೆ ಚಾಚಿದೆ ಎಂದ. ತಲೆ ದಾಟಿದ ಮೇಲೆ ಕುತ್ತಿಗೆಯ ವಾದ ನಿಲ್ಲಲಿಲ್ಲ. ಆಗ ದರ್ಜಿ ಹೊಸ ನೆಲೆ ಹಿಡಿದ. "ಎತ್ತರದ ಮಾತು ಬಿಡಿ. ಕುಂಡದಲ್ಲಿದೆ ತಾನೆ? ಕುಂಡದಲ್ಲಿರೋವರೆಗೆ ಗಿಡ. ನಾನು ಹೇಳಿದ್ದು ಮರ ಆದ್ರೆ ಕತ್ತರಿಸ್ತೀನಿ ಅಂತ. ಎಲ್ಲಿ ಮರ? ತೋರಿಸಿ!"

ಕುಂಡವೆಂದರೂ ಅದು ಆ ಹೊತ್ತಿಗೆ ಕುಂಡವಾಗಿರಲಿಲ್ಲ. ಬಕೆಟ್ ಆಗಿ, ದೊಡ್ಡ ಬಣ್ಣದ ಡಬ್ಬಿಯಾಗಿ, ಡ್ರಮ್ಮಾಗಿ ಅಂಗಳಕ್ಕೆ ಬಂದಿತ್ತು. ಡ್ರಮ್ಮೂ ಬಿರಿದಾಗ ಉಳಿದದ್ದು ಆ ಕೆಲಸವಿಲ್ಲದ ಸಿಮೆಂಟಿನ ತೊಟ್ಟಿ. ಮರ ಸಾಗಿಸುವ ದಿನ ಅಂಗಡಿಯಲ್ಲಿ ಒಬ್ಬ ಮದುಮಗ ಕೋಟು ಬಿಗಿಯಾಯಿತೆಂದು ಉಸಿರು ಬಿಡದೆ ಕಾಯುತ್ತಿದ್ದ.

"ನೀವು ಹೋಗಿ ಅವನನ್ನ ಬದುಕಿಸಿ. ತೊಟ್ಟಿ ನಾನು ತಯಾರು ಮಾಡ್ತೀನಿ," ಎಂದಳು ಹೆಂಡತಿ. ಕಟ್ಟಡದ ಸಂಘದ ಕಾರ್ಯದರ್ಶಿಯ ಮನೆಯಿಂದ ಕಬ್ಬಿಣದ ಹಾರೆಯನ್ನೂ ಅವಳೇ ಕೇಳಿ ತಂದಳು.

"ಹಾರೆ ಯಾಕೆ?"

"ಮಣ್ಣು ಸಡಿಲ ಮಾಡೋಕೆ. ನಿಮಗೊಬ್ಬರಿಗೇನಾ ಸಡಿಲ ಮಾಡೋಕೆ ಬರೋದು?"

ಈ ಹೆಂಡತಿಯ ಬಗ್ಗೆ ಒಂದು ಮಾತು ಹೇಳಬೇಕು. ಆ ಗಿಡವನ್ನು ಅವಳಷ್ಟು ಬೈದವರು ಇನ್ನೊಬ್ಬರಿಲ್ಲ. "ನನಗಿಂತ ಅದಕ್ಕೆ ಬಟ್ಟೆ ಜಾಸ್ತಿ," ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಎಲ್ಲವನ್ನೂ ಅದರ ಬುಡಕ್ಕೇ ಸುರಿಯುತ್ತಿದ್ದಳು. "ಚೆಲ್ಲೋಕೆ ಬೇರೆ ಜಾಗ ಎಲ್ಲಿದೆ?" ಎನ್ನುತ್ತಿದ್ದಳು.

ತೊಟ್ಟಿಗೆ ಬಂದದ್ದೇ ಗಿಡಕ್ಕೆ ರೆಕ್ಕೆ ಬಂದಂತಾಯಿತು. ಮೊದಲ ಮಹಡಿಯ ಸಂಗೀತದ ಟೀಚರ ಕಿಟಕಿಗೆ ತಲುಪಿತು, ಒಳಗೆ ಇಣುಕಿತು. ಟೀಚರು ಮೊದಲು ದೂರು ಕೊಟ್ಟರು. ಅದರಿಂದ ಏನೂ ಆಗದಿದ್ದಾಗ ಬಟ್ಟೆಯ ಹಗ್ಗದ ಒಂದು ತುದಿಯನ್ನು ಕೊಂಬೆಗೆ ಕಟ್ಟಿ ಸುಮ್ಮನಾದರು.

ಸುಮ್ಮನಾಗದವರು ಕಾರ್ಯದರ್ಶಿಗಳು. ಅವರಿಗೆ ಹಾರೆಯ ದುಃಖ ಬೇರೆ ಇತ್ತು. ಹಾರೆ ಮೂತಿ ಮೊಂಡಾಗಿ ವಾಪಸ್ಸಾಗಿತ್ತು. ಪ್ರತಿ ಸಭೆಯಲ್ಲೂ ಅವರು ಮೊದಲು ಹಾರೆ, ಆಮೇಲೆ ಮರ ಎಂಬ ಕ್ರಮದಲ್ಲಿ ಮಾತಾಡುತ್ತಿದ್ದರು.

"ಬೋರ್ಡು ಓದಿ ಟೈಲರೇ. 'ಅಂಗಳದಲ್ಲಿ ಕುಂಡದ ಗಿಡಗಳಿಗೆ ಅವಕಾಶ ಉಂಟು, ಮರಗಳಿಗೆ ಇಲ್ಲ.' ಇದು ಮರ!"

"ಕುಂಡದ ಗಿಡ, ಸ್ವಾಮಿ."

"ಅದರ ಕೆಳಗೆ ನಾನು ಸ್ಕೂಟರ್ ನಿಲ್ಲಿಸ್ತೀನಿ ಕಣ್ರೀ! ಕುಂಡದ ಗಿಡದ ಕೆಳಗೆ ಯಾರಾದ್ರೂ ಸ್ಕೂಟರ್ ನಿಲ್ಲಿಸ್ತಾರೇನ್ರೀ?"

"ನೀವು ನಿಲ್ಲಿಸ್ತೀರಲ್ಲ."

ಹೀಗೇ ವರ್ಷಗಳು ಕಳೆದವು. ಸಂಘಕ್ಕೆ ಸಂಘವೇ ಮರ ಎಂದಿತು. ಭಾವ ಬಂದಾಗಲೆಲ್ಲ ಮರ ಎಂದ. ಹಕ್ಕಿಗಳು ಕೂಡ ಮರವೆಂದೇ ತಿಳಿದು ಗೂಡು ಕಟ್ಟಿದವು. ದರ್ಜಿಯೊಬ್ಬನೇ ತಲೆ ಹಿಂದಕ್ಕೆ ವಾಲಿಸಿ, ಎರಡನೇ ಮಹಡಿಯೆತ್ತರದ ತುದಿ ನೋಡುತ್ತ, "ಗಿಡ ಚೆನ್ನಾಗಿದೆ," ಎನ್ನುತ್ತಿದ್ದ. ಮರ ಎಂದು ಬಾಯಿಬಿಟ್ಟರೆ ಕತ್ತರಿ ಎತ್ತಬೇಕಿತ್ತಲ್ಲ.

ಕೊನೆಗೆ ಅಂಗಳದಲ್ಲಿ ಸ್ಕೂಟರುಗಳಿಗೆ ತಗಡಿನ ಶೆಡ್ಡು ಹಾಕುವುದೆಂದು ಸಂಘ ನಿರ್ಧರಿಸಿತು. ಜಾಗ ತೊಟ್ಟಿ ಇದ್ದಲ್ಲೇ. ಕಾರ್ಯದರ್ಶಿಗಳು ಅಂಗಡಿಗೆ ಬಂದರು. ಮುಖದಲ್ಲಿ ಎಂದೂ ಇಲ್ಲದ ಮಂದಹಾಸ.

"ಟೈಲರೇ, ಇಷ್ಟು ವರ್ಷ ನಿಮ್ಮ ಜೊತೆ ಸುಮ್ಮನೆ ಜಗಳ ಆಡಿದೆ. ನೀವೇ ಸರಿ."

ದರ್ಜಿಯ ಕೈಯ ಸೂಜಿ ನಿಂತಿತು. "ಯಾವ ವಿಷಯದಲ್ಲಿ?"

"ಅದು ಕುಂಡದ ಗಿಡವೇ. ಸಭೆ ಒಮ್ಮತದಿಂದ ಒಪ್ಪಿದೆ. ಮರ ಆಗಿದ್ರೆ ಕಡಿಯೋಕೆ ಮರಗಳ ಕಚೇರಿಯ ಅನುಮತಿ ಬೇಕು, ಅದೆಲ್ಲ ತಲೆನೋವು. ಕುಂಡದ ಗಿಡಕ್ಕೆ ಯಾರ ಅನುಮತೀನೂ ಬೇಡ. ಭಾನುವಾರ ಲಾರಿ ಬರುತ್ತೆ. ಕುಂಡ ಎತ್ತಿ ಊರಾಚೆ ಬಿಸಾಕಿ ಬರ್ತಾರೆ."

"ಅಷ್ಟು ದೊಡ್ಡ ಮರಾನ..." ಎಂದುಬಿಟ್ಟ ದರ್ಜಿ.

"ಮರಾನಾ?" ಕಾರ್ಯದರ್ಶಿಗಳು ಕಿವಿ ಮುಂದೆ ಮಾಡಿದರು. "ಏನಂದ್ರಿ? ನಿಮ್ಮ ಭಾವನ್ನ ಕರೆಸಲಾ?"

ದರ್ಜಿ ಸೂಜಿಯನ್ನು ಮತ್ತೆ ಬಟ್ಟೆಗೆ ಚುಚ್ಚಿದ.

ಆ ದಿನ ಅವನು ಒಂದು ಅಂಗಿಗೆ ಮೂರು ತೋಳು ಹೊಲಿದ. ಹೆಂಡತಿ ಅದನ್ನು ಎತ್ತಿ ಹಿಡಿದು ನೋಡಿದಳು.

"ರೀ, ನಿಮಗೆ ಮರ ಬೇಕೋ, ಮಾತು ಬೇಕೋ?"

"ಎರಡೂ ಬೇಕು ಕಣೇ."

"ಹಾಗಾದ್ರೆ ಎದ್ದು ಆ ಮರಗಳ ಕಚೇರಿಗೆ ಹೋಗಿ. ಇಲ್ಲಿ ಕೂತು ಮೂರು ಕೈಯವನಿಗೆ ಕಾಯಬೇಡಿ."

ಮರಗಳ ಕಚೇರಿಯಲ್ಲಿ ಮೇಜಿನ ಹಿಂದೆ ಒಬ್ಬ ಹೆಣ್ಣುಮಗಳು, ಅಧಿಕಾರಿ. ದರ್ಜಿ ಬಾಗಿಲು ದಾಟುವ ಮೊದಲೇ, "ಕಡಿಯೋಕೆ ಅನುಮತಿ ತಾನೆ?" ಎಂದರು, ತಲೆ ಎತ್ತದೆ.

"ಅಲ್ಲ ಮೇಡಂ. ಕಡಿಯದೇ ಇರೋಕೆ."

"ಅದಕ್ಕೆ ಅನುಮತಿ ಬೇಕಿಲ್ಲ. ಮನೆಗೆ ಹೋಗಿ ಕಡಿಯದೇ ಇರಿ."

"ಬೇರೆಯವರು ಎತ್ತಿಕೊಂಡು ಹೋಗ್ತಾರೆ, ಮೇಡಂ."

ಆಗ ತಲೆ ಎತ್ತಿದರು. "ಮರ ಎತ್ತಿಕೊಂಡು ಹೋಗ್ತಾರಾ? ಎಲ್ಲಿದೆ ಅದು?"

"ತೊಟ್ಟೀಲಿ."

"ತೊಟ್ಟೀಲಿದ್ರೆ ಕುಂಡದ ಗಿಡ."

"ಇಲ್ಲ ಮೇಡಂ, ಮ... ಮ..." ಇಷ್ಟು ವರ್ಷ ಆಡದ ಮಾತು ಗಂಟಲಿಗೆ ಗುಂಡಿಯಂತೆ ಸಿಕ್ಕಿಕೊಂಡಿತು. "ಮರ!"

"ಮರ ಅಂತ ಯಾರು ಹೇಳ್ತಾರೆ?"

"ಎಲ್ಲರೂ! ನಮ್ಮ ಸಂಘದವರು ಎಷ್ಟೋ ವರ್ಷದಿಂದ ಅಂತಿದ್ರು."

"ಈಗ?"

"ಈಗ ಕುಂಡದ ಗಿಡ ಅಂತಾರೆ."

"ನೀವು ಮೊದಲಿಂದ ಮರ ಅಂತಿದ್ರಾ?"

"ಇಲ್ಲ ಮೇಡಂ. ನಾನೊಬ್ಬನೇ ಕುಂಡದ ಗಿಡ ಅಂತಿದ್ದೆ."

ಅಧಿಕಾರಿ ಪೆನ್ನು ಕೆಳಗಿಟ್ಟರು.

"ನೋಡಿ, ನಮ್ಮ ಲೆಕ್ಕ ಸರಳ. ಇದ್ದ ಜಾಗದಿಂದ ಎತ್ತೋಕೆ ಬಂದ್ರೆ ಕುಂಡ. ಬರದಿದ್ರೆ ಮರ. ಭಾನುವಾರ ಬರ್ತೀನಿ. ಎತ್ತಿ ನೋಡೋಣ."

ದರ್ಜಿಗೆ ಸಮಾಧಾನವಾಗಬೇಕಿತ್ತು. ಆದರೆ ದಾರಿಯಲ್ಲಿ ಬರುವಾಗ ಹೊಳೆಯಿತು: ಲಾರಿ ಎಂಥೆಂಥದನ್ನೋ ಎಳೆಯುತ್ತದೆ. ಸಿಮೆಂಟಿನ ತೊಟ್ಟಿ ಎಂದರೆ ಅದಕ್ಕೆ ತಳ ಇರುತ್ತದೆ. ತಳ ಇದ್ದ ಮೇಲೆ ಮರ ತೊಟ್ಟಿಯೊಳಗೇ ಇರುತ್ತದೆ. ಎಳೆದರೆ ಎರಡೂ ಸೇರಿಯೇ ಹೋಗುತ್ತವೆ. ಅವನೇ ಹೋಗಿ ಅಧಿಕಾರಿಯನ್ನು ಅಂತ್ಯಕ್ರಿಯೆಗೆ ಕರೆದು ಬಂದಂತಾಗಿತ್ತು.

ಭಾನುವಾರ ಬೆಳಿಗ್ಗೆ ಲಾರಿ ಬಂತು. ಕೂಲಿಯವರು, ದಪ್ಪ ಸರಪಳಿ, ಕಾರ್ಯದರ್ಶಿಗಳ ಇಸ್ತ್ರಿ ಹಾಕಿದ ಅಂಗಿ ಎಲ್ಲ ಬಂದವು. ಭಾವ ಮಡಿಸುವ ಕುರ್ಚಿಯನ್ನು ಮನೆಯಿಂದಲೇ ತಂದಿದ್ದ. ಎಲ್ಲ ಮಹಡಿಯ ಕಿಟಕಿಗಳಲ್ಲೂ ತಲೆಗಳು. ಅಧಿಕಾರಿ ಬಂದು ಗೋಡೆಯ ನೆರಳಿನಲ್ಲಿ ನಿಂತರು.

ದರ್ಜಿ ಯಾರಿಗಿಂತಲೂ ಮೊದಲೇ ಬಂದಿದ್ದ. ತೊಟ್ಟಿಯೊಳಗೆ ಹತ್ತಿ, ಕಾಂಡವನ್ನು ಎರಡು ಕೈಯಲ್ಲೂ ತಬ್ಬಿ ನಿಂತಿದ್ದ. ಕುತ್ತಿಗೆಯಲ್ಲಿ ಅಳತೆಯ ಟೇಪು.

"ಇಳೀರಿ ಟೈಲರೇ!" ಎಂದರು ಕಾರ್ಯದರ್ಶಿಗಳು. "ಕುಂಡದ ಗಿಡದ ಜೊತೆ ಟೈಲರನ್ನೂ ಸಾಗಿಸಬಹುದು ಅಂತ ಬೋರ್ಡಲ್ಲಿ ಇಲ್ಲ."

"ಕುಂಡದ ಗಿಡ ಅಲ್ಲ ಸ್ವಾಮಿ. ಮರ!" ಎಂದು ದರ್ಜಿ ಕೂಗಿದ. "ಕೇಳಿಸ್ತಾ? ಮರ! ಮೂರನೇ ಮಹಡಿಯವರೇ, ನಿಮಗೂ ಕೇಳಿಸ್ತಾ? ಮರ!"

ಭಾವ ಕುರ್ಚಿಯಿಂದ ಎದ್ದೇಬಿಟ್ಟ. "ಭಾವ! ಮೊಣಕಾಲು ದಾಟ್ತು ಅಂತ ಒಪ್ಪಿಕೊಂಡ್ರಾ?"

"ನಿನ್ನೆವರೆಗೆ ಗಿಡವೇ. ಇವತ್ತು ಬೆಳಿಗ್ಗೆ ಮರ ಆಯ್ತು. ಏನು ಮಾಡ್ತೀರಿ?"

"ಟೈಲರೇ, ಲಾರಿಗೆ ಹೊತ್ತಾಗ್ತಿದೆ, ಇಳೀರಿ!"

"ಇಳಿಯಲ್ಲ! ಎಳೆಯೋದಿದ್ರೆ ನನ್ನನ್ನೂ ಸೇರಿಸಿ ಎಳೀರಿ. ಊರಾಚೆ ಇದರ ಪಕ್ಕದಲ್ಲೇ ಅಂಗಡಿ ಹಾಕ್ತೀನಿ!"

ಕೂಲಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಕೂಲಿಯಲ್ಲಿ ದರ್ಜಿಯ ಲೆಕ್ಕ ಸೇರಿರಲಿಲ್ಲ.

ಅಧಿಕಾರಿ ಮುಂದೆ ಬಂದರು. "ರೀ, ನೀವೇ ಹೇಳ್ತಿದೀರ ಮರ ಅಂತ. ಮರ ಆದ್ರೆ ಬರಲ್ಲ. ಇಳೀರಿ. ನಿಮಗೇ ನಂಬಿಕೆ ಇಲ್ವಾ?"

ದರ್ಜಿಗೆ ನಂಬಿಕೆ ಇರಲಿಲ್ಲ. ತೊಟ್ಟಿಯ ತಳವೇ ಕಣ್ಣ ಮುಂದೆ ಬರುತ್ತಿತ್ತು. ಹಿಂಬಾಗಿಲಲ್ಲಿ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಇಳೀರಿ," ಎಂದಳು. "ಬರಲ್ಲ ಅದು."

"ನಿನಗೇನು ಗೊತ್ತು?"

"ಇಳೀರಿ ಅಂದೆ."

ದರ್ಜಿ ಇಳಿದ. ಇಳಿಯುವಾಗ ಮರದ ಅಂಗಿಯ ಮೇಲಿನ ಗುಂಡಿ ಹಾಕಿ ಇಳಿದ.

ಮೊದಲು ಕೂಲಿಯವರು ತಳ್ಳಿದರು. ಆಮೇಲೆ ಸಂಘದವರು ಸೇರಿಕೊಂಡರು. ಕಾರ್ಯದರ್ಶಿಗಳು ತೋಳು ಮಡಿಸಿ ಹೆಗಲು ಕೊಟ್ಟರು. ಅಂಗಿಯ ಬೆನ್ನು ಪರ್ ಎಂದು ಹರಿಯಿತು. "ಸೋಮವಾರ ತನ್ನಿ, ಹೊಲಿದು ಕೊಡ್ತೀನಿ," ಎಂದ ದರ್ಜಿ, ಆ ಸಂಕಟದಲ್ಲೂ. ತೊಟ್ಟಿ ಕದಲಲಿಲ್ಲ.

ತೊಟ್ಟಿಗೆ ಸರಪಳಿ ಸುತ್ತಿದರು. ಲಾರಿ ಗುರುಗುಟ್ಟಿತು. ಸರಪಳಿ ಬಿಗಿಯಾಯಿತು.

"ನನ್ನ ಬಟ್ಟೆ ಹಗ್ಗ ಇದೆ, ನೋಡ್ಕೊಂಡು ಎಳೀರಪ್ಪಾ!" ಎಂದು ಸಂಗೀತದ ಟೀಚರು ಮೇಲಿನಿಂದ ತಾರಕದಲ್ಲಿ ಹೇಳಿದರು.

ಮರದ ತುದಿ ಒಮ್ಮೆ ನಡುಗಿತು. ಹಕ್ಕಿಗಳೆಲ್ಲ ಎದ್ದವು. ದರ್ಜಿ ಕಣ್ಣು ಮುಚ್ಚಿಕೊಂಡ. ಭಾರಿ ಸದ್ದಾಯಿತು, ಲಾರಿ ಜಿಗಿದು ಗೇಟಿನವರೆಗೆ ಹೋಗಿ ನಿಂತಿತು.

"ಬಂತು! ಬಂತು!" ಎಂದು ಕಾರ್ಯದರ್ಶಿಗಳು ಕುಣಿದರು.

ಬಂದದ್ದು ನಿಜ. ಸರಪಳಿಯಲ್ಲಿ ತೊಟ್ಟಿಯ ಗೋಡೆಗಳು ತುಂಡು ತುಂಡಾಗಿ ಬಂದಿದ್ದವು. ಮರ ಬಂದಿರಲಿಲ್ಲ. ತೊಟ್ಟಿ ಕಳಚಿಕೊಂಡ ಜಾಗದಲ್ಲಿ ಅದು ಬೇರೂ ಮಣ್ಣೂ ಹೆಣೆದುಕೊಂಡ ಚೌಕದ ಮೇಲೆ, ಬಿಗಿಯಾದ ಕೋಟು ಬಿಚ್ಚಿಟ್ಟು ಉಸಿರು ಬಿಟ್ಟವರ ಹಾಗೆ ನಿಂತಿತ್ತು. ಅಧಿಕಾರಿ ಬಗ್ಗಿ, ಬುಡದ ಮಣ್ಣು ಸರಿಸಿ ನೋಡಿದರು. ತೊಟ್ಟಿಯ ತಳದ ಸಿಮೆಂಟಿನಲ್ಲಿ ಒಂದು ದೊಡ್ಡ ತೂತು. ಅದರ ಮೂಲಕ ತೊಡೆಗಾತ್ರದ ಬೇರು ನೇರ ಭೂಮಿಗೆ ಇಳಿದಿತ್ತು.

"ಕುಂಡ ಲಾರಿ ಹಿಂದೆ ಹೋಯ್ತು," ಎಂದರು ಅಧಿಕಾರಿ. "ಇಲ್ಲಿ ಉಳಿದಿರೋದು ಏನು?"

ಕಾರ್ಯದರ್ಶಿಗಳು ಲಾರಿಯ ಕಡೆ ನೋಡಿದರು.

"ಕಾರ್ಯದರ್ಶಿಗಳೇ, ಕೇಳಿದ್ದು ನಿಮ್ಮನ್ನ."

"ಮರ," ಎಂದರು ಅವರು, ಬೆನ್ನಿನ ಹರಿದ ಅಂಗಿ ಮುಚ್ಚಿಕೊಳ್ಳುತ್ತ.

"ಹಾಗಾದ್ರೆ ಇನ್ನು ಮುಟ್ಟಬೇಡಿ."

ಎಲ್ಲ ಮುಗಿಯಿತೆಂದುಕೊಂಡಾಗ ಭಾವ ಕುರ್ಚಿ ಮಡಿಸಿ ಮುಂದೆ ಬಂದ. "ಮರ ಅಂತ ಸರ್ಕಾರವೇ ಹೇಳಿತು. ಭಾವ, ನಿಮ್ಮ ಕತ್ತರಿ ಎಲ್ಲಿ?"

ದರ್ಜಿ ಒಳಗೆ ಹೋದ. ಎಲ್ಲರೂ ನೋಡುತ್ತಿದ್ದಂತೆ ದೊಡ್ಡ ಕತ್ತರಿ ತಂದ. ಮರದ ಅಂಗಿಯ ಗುಂಡಿಗಳನ್ನು ಬಿಚ್ಚಿದ. ಕತ್ತರಿಯ ಬಾಯನ್ನು ಅದು ತೆರೆಯುವಷ್ಟೂ ತೆರೆದು ಕಾಂಡಕ್ಕೆ ಹಿಡಿದ. ಕಾಂಡದ ಒಂದು ಮೂಲೆಯೂ ಅದರೊಳಗೆ ಹಿಡಿಸಲಿಲ್ಲ.

"ಏ, ಏ! ಏನು ಮಾಡ್ತಿದೀರಿ?" ಅಧಿಕಾರಿ ಓಡಿ ಬಂದರು. "ಸಂರಕ್ಷಿತ ಮರಕ್ಕೆ ಹಾನಿ ಮಾಡೋದು ಅಪರಾಧ! ಕತ್ತರಿ ಒಳಗಿಡಿ!"

ದರ್ಜಿ ಕತ್ತರಿ ಮುಚ್ಚಿದ. ಟಕ್ ಎಂದಿತು. ಭಾವನ ಕಡೆ ತಿರುಗಿದ.

"ನೋಡಿದ್ರಲ್ಲ, ಭಾವ? ನಾನು ಮಾತಿಗೆ ತಪ್ಪಿದವನಲ್ಲ. ಕಾನೂನು ಬಿಡಲಿಲ್ಲ." ಮರದ ತೊಗಟೆಯ ಕಡೆ ಕೈ ಚಾಚಿದ ಭಾವನಿಗೆ ಇನ್ನೊಂದು ಮಾತು ಸೇರಿಸಿದ: "ಮುಟ್ಟಬೇಡಿ. ಅದು ತಟ್ಟೆಯಲ್ಲಿರೋದಲ್ಲ."

ಶೆಡ್ಡು ಬರಲಿಲ್ಲ. ಸ್ಕೂಟರುಗಳು ಮರದ ನೆರಳಿನಲ್ಲೇ ನಿಲ್ಲುತ್ತವೆ. ಎಲ್ಲಕ್ಕಿಂತ ಒಳ್ಳೆಯ ನೆರಳು ಕಾರ್ಯದರ್ಶಿಗಳ ಸ್ಕೂಟರಿಗೆ. ಮರ ಈಗ ಕಟ್ಟಡದ ತಲೆ ದಾಟಿದೆ. ಅಂಗಿ ಮಾತ್ರ ಇನ್ನೂ ಅದೇ. ಪ್ರತಿ ವರ್ಷ ದರ್ಜಿ ಒಂದೊಂದು ಮಡಿಕೆ ಬಿಚ್ಚುತ್ತಾನೆ.

ಇನ್ನು ತಿಳಿಯದ ವಿಷಯ ಒಂದು ಉಳಿದಿದೆ. ತಳದ ಸಿಮೆಂಟನ್ನು ಬೇರು ಒಡೆಯಿತೆಂದು ಅಧಿಕಾರಿ ಹೇಳಿ ಹೋದರು. ಇದ್ದರೂ ಇರಬಹುದು. ಮರದ ಬೇರಿಗೆ ಎಷ್ಟು ಬಲವಿರುತ್ತದೆಂದು ಈ ಬರೆಯುವವನಿಗೆ ಗೊತ್ತಿಲ್ಲ. ಆದರೆ ಬರಿಯ ಮಣ್ಣು ಸಡಿಲ ಮಾಡಿದರೆ ಕಬ್ಬಿಣದ ಹಾರೆಯ ಮೂತಿ ಅಷ್ಟು ಮೊಂಡಾಗುತ್ತದೆಯೇ? ದರ್ಜಿಯ ಹೆಂಡತಿಯನ್ನು ಒಂದು ಸಲ ಕೇಳಿದ್ದಾಯಿತು. ಅವಳು ಅಕ್ಕಿ ತೊಳೆದ ನೀರನ್ನು ಮರದ ಬುಡಕ್ಕೆ ಸುರಿದು, ಖಾಲಿ ಪಾತ್ರೆ ಹಿಡಿದು ಒಳಗೆ ಹೋದಳು. ಅದು ಹೌದೋ ಅಲ್ಲವೋ, ಗೊತ್ತಾಗಲಿಲ್ಲ.